ಇಪ್ಪತ್ತಮೂರು, ನಲವತ್ತೊಂದು

ಹತ್ತು ಗಂಟೆಗೆ ಬರುತ್ತೇನೆಂದು ಗಣಿ ಇಲಾಖೆಯ ಸಲಹೆಗಾರ ಫಾನ್ ರೋಡೆನ್ ಸಾಹೇಬರು ಹೇಳಿ ಕಳಿಸಿದ್ದರು. ಎಂಟು ಗಂಟೆಗೇ ರೊಸೀನಾ ನಶ್ಯದ ಡಬ್ಬಿಯನ್ನು ಮೂರು ಸಲ ಒರೆಸಿ ಇಟ್ಟಿದ್ದಳು. ಒರೆಸುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಜಿಂಕೆಯ ಚರ್ಮದ ತುಂಡು ಕೈಯಲ್ಲಿತ್ತು, ಕೈಗೆ ಬೇರೆ ಕೆಲಸವಿರಲಿಲ್ಲ, ಒರೆಸಿದಳು. ಮುಚ್ಚಳದ ನಡುವೆ ಬಿಳಿ, ನಸುಗೆಂಪು, ನೀಲಿ ಚೂರುಗಳಿಂದ ಕೂಡಿಸಿದ ಒಂದು ಹೂಗೊಂಚಲು. ಅದರ ಸುತ್ತಲೂ, ಪಕ್ಕಗಳ ಮೇಲೂ, ತಳದಲ್ಲೂ ಉಗುರಿನಷ್ಟಗಲದ ಎಪ್ಪತ್ತಾರು ಕಲ್ಲುಗಳು. ಒಂದೊಂದು ಕಲ್ಲಿಗೂ ನೂಲಿನಷ್ಟು ತೆಳುವಾದ ಚಿನ್ನದ ಗೋಡೆ, ಗೋಡೆಯ ನೆತ್ತಿಯಲ್ಲಿ ಕೊರೆದ ಒಂದು ಅಂಕಿ. ತಳದಲ್ಲಿ ಒಂದು ಗುಪ್ತ ಖಾನೆ. ಪಕ್ಕದ ಗುಂಡಿಯನ್ನು ಒತ್ತಿದರೆ ಅದು ಈಚೆ ಬರುತ್ತದೆ, ಅದರೊಳಗೆ ಮಡಿಸಿಟ್ಟ ಸಣ್ಣ ಪುಸ್ತಕವಿರುತ್ತದೆ. ಯಾವ ಅಂಕಿಗೆ ಯಾವ ಕಲ್ಲು, ಅದು ಸ್ಯಾಕ್ಸನಿಯ ಯಾವ ಊರಿನ ನೆಲದಿಂದ ಬಂದದ್ದು ಎಂದು ಅದರಲ್ಲಿ ಬರೆದಿರುತ್ತದೆ. ಹೊದಿಕೆಯ ಮೇಲೆ 'ಸಂಗ್ರಹಿಸಿ ಜೋಡಿಸಿದವನು ಟ್ರೌಗೊಟ್ ಹೆಂಪೆಲ್, ಅಕ್ಕಸಾಲಿ, ಡ್ರೆಸ್ಡನ್' ಎಂದಿರುತ್ತದೆ. ಹದಿನೇಳು ವರ್ಷದಿಂದ ಆ ಪುಸ್ತಕಗಳನ್ನು ಬರೆಯುತ್ತ ಬಂದವಳು ಟ್ರೌಗೊಟ್‌ನ ಹೆಂಡತಿ ರೊಸೀನಾ. ಗಂಡನ ಹೆಸರನ್ನು ಗಂಡನಿಗಿಂತ ಅಂದವಾಗಿ ಬರೆಯಬಲ್ಲಳು.

ಒರೆಸುವಾಗ ಮೂರು ಸಲವೂ ಅವಳ ಬೆರಳು ನಲವತ್ತೊಂದನ್ನು ದಾಟಿಕೊಂಡು ಹೋಗಿತ್ತು. ನಲವತ್ತು, ತ್ಸೋಬ್ಲಿಟ್ಸ್‌ನ ಹಸಿರು ಕಲ್ಲು. ನಲವತ್ತೆರಡು, ಕೆಮ್ನಿಟ್ಸ್‌ನ ಕಲ್ಲಾದ ಮರ. ನಡುವಿನದು ಕೆಂಪು ಬೂದು ಪಟ್ಟೆಗಳ ಅಗೇಟ್. ಪುಸ್ತಕದಲ್ಲಿ ಅವಳದೇ ಅಕ್ಷರ: 'ಅಗೇಟ್, ಶ್ಲಾಟ್‌ವಿಟ್ಸ್.' ಅದು ಶ್ಲಾಟ್‌ವಿಟ್ಸ್‌ನದಲ್ಲ. ಶ್ಲಾಟ್‌ವಿಟ್ಸ್ ಅವಳ ತವರು. ಅಲ್ಲಿನ ಅಗೇಟ್‌ನಲ್ಲಿ ಪಟ್ಟೆಗಳು ಹೀಗೆ ಶಾಲೆಯ ಹುಡುಗಿಯರು ಕೂತ ಹಾಗೆ ಸಾಲಾಗಿ ಇರುವುದಿಲ್ಲ. ಅದು ಭೂಮಿಯ ಹೊಟ್ಟೆಯಲ್ಲಿ ಎಂದೋ ಒಡೆದು ಚೂರಾಗಿ, ಚೂರುಗಳ ಸಂದಿನಲ್ಲಿ ನೇರಳೆ ಸ್ಫಟಿಕ ತುಂಬಿಕೊಂಡು, ಒಡೆದದ್ದು ಒಡೆದ ಹಾಗೆಯೇ ಮತ್ತೆ ಒಂದಾದ ಕಲ್ಲು. ಅಪ್ಪ ಮೆಲ್ಶಿಯೋರ್ ಬಾರ್ತ್ ಅದನ್ನು ನಲವತ್ತು ವರ್ಷ ಕಡಿದಾದ ದರೆಯಿಂದ ಕಿತ್ತು ತಂದವನು. ಪಾಚಿಯಲ್ಲಿ ಸುತ್ತಿ, ಬುಟ್ಟಿಯಲ್ಲಿ ಹೊತ್ತು, ಮ್ಯೂಗ್ಲಿಟ್ಸ್ ಹೊಳೆಯ ದಂಡೆಗುಂಟ ನಡೆದು ಡ್ರೆಸ್ಡನ್ನಿಗೆ ಬರುತ್ತಿದ್ದ. ಮಂಗಳವಾರ ಬರುತ್ತಿದ್ದ, ಹಿಂದಿನ ಬಾಗಿಲಿಂದ ಬರುತ್ತಿದ್ದ. ಮಂಗಳವಾರ ಎಂದವಳು, ಹಿಂದಿನ ಬಾಗಿಲು ಎಂದವಳು ರೊಸೀನಾಳೇ. ಮದುವೆಯಾದ ಹೊಸದರಲ್ಲಿ ಅವನು ಮುಂಬಾಗಿಲಿಂದ ಬಂದಿದ್ದ. ಅಂಗಡಿಯಲ್ಲಿ ರೇಷ್ಮೆ ತೊಟ್ಟ ಹೆಂಗಸೊಬ್ಬಳು ಕೂತಿದ್ದಳು. ಅಪ್ಪ ಬುಟ್ಟಿ ಇಳಿಸಿ, ಒಂದು ಕಲ್ಲು ತೆಗೆದು, ನಾಲಿಗೆಯಿಂದ ಉದ್ದಕ್ಕೆ ನೆಕ್ಕಿ, 'ನೋಡ್ರಮ್ಮಾ ಬಣ್ಣಾನ' ಎಂದು ಅವಳ ಮುಂದೆ ಹಿಡಿದಿದ್ದ. ಒಣಗಿದ ಕಲ್ಲು ಬಣ್ಣ ಬಿಡುವುದಿಲ್ಲ, ಒದ್ದೆ ಮಾಡಿದರೆ ಬಿಡುತ್ತದೆ. ಹೊಳೆಯಲ್ಲಿದ್ದಾಗ ನೀರು, ದಾರಿಯಲ್ಲಿದ್ದಾಗ ನಾಲಿಗೆ. ಕಲ್ಲು ಆಯುವವರಿಗೆಲ್ಲ ಅದು ಉಸಿರಾಡಿದಷ್ಟು ಸಹಜ. ರೇಷ್ಮೆಯ ಹೆಂಗಸು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡಳು. ಆಮೇಲೆ ರೊಸೀನಾ ಅಪ್ಪನಿಗೆ ಹೇಳಿದ್ದಳು. ಏನು ಹೇಳಿದೆನೆಂದು ಈಗ ನೆನಪಿಲ್ಲ. ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, 'ಆಯ್ತು ಮಗಳೇ, ಮಂಗಳವಾರಾನೇ ಬರ್ತೀನಿ' ಎಂದದ್ದು ನೆನಪಿದೆ.

"ಎಷ್ಟು ಸಲ ತಿಕ್ತೀಯೇ ಅದನ್ನ? ಚಿನ್ನ ಸವೆದು ಹೋದೀತು," ಎಂದಳು ಅತ್ತೆ ಉರ್ಸುಲಾ ಒಲೆಯ ಪಕ್ಕದಿಂದ. ಕಾಫಿಯಲ್ಲಿ ಹಿಂದಿನ ದಿನದ ಕೇಕನ್ನು ಅದ್ದಿ ತಿನ್ನುತ್ತಿದ್ದಳು. ಹಲ್ಲಿಲ್ಲದ ಬಾಯಿ, ಆದರೆ ಮಾತಿಗೆ ಹಲ್ಲಿತ್ತು.

"ಬೆರಳ ಗುರುತು ಇತ್ತು ಅತ್ತೆ."

"ನಿನ್ನದೇ ಇರ್ಬೇಕು. ಬೇರೆ ಯಾರು ಮುಟ್ಟಿದ್ರು?"

ಹೌದು, ತನ್ನದೇ. ಅಕ್ಟೋಬರಿನ ಆ ಮಂಗಳವಾರ ಅಪ್ಪ ಅಡುಗೆಮನೆಯ ಬೆಂಚಿನ ಮೇಲೆ ಕೂತಿದ್ದ. ಅವನ ಬೂಟಿನ ಕೆಳಗೆ ಅತ್ತೆ ಹಳೆಯ ಕಾಗದ ಹಾಸಿದ್ದಳು. ಪ್ರತಿಸಲ ಹಾಸುತ್ತಿದ್ದಳು, ಪ್ರತಿಸಲ ಅವನು ಕಾಲನ್ನು ಜೋಪಾನವಾಗಿ ಅದರ ಮೇಲೇ ಇಟ್ಟುಕೊಳ್ಳುತ್ತಿದ್ದ. ರೊಸೀನಾ ಕಲ್ಲುಗಳನ್ನು ಬೋಗುಣಿಯ ನೀರಿಗೆ ಹಾಕಿ ತೊಳೆದಳು. ಒಂದರ ಬೆನ್ನಿನ ಮೇಲೆ ಹಸಿರು ಸಿಪ್ಪೆ ಇತ್ತು. ಅಂಥ ಸಿಪ್ಪೆ ಅವಳ ಊರಿನ ಕಲ್ಲಿಗಿಲ್ಲ. ಅದು ದೂರದ ರೈನ್ ಸೀಮೆಯ ಕಡೆಯದು, ಬೆನ್ನ ಮೇಲೆ ಪೆಟ್ಟಿಗೆ ಹೊತ್ತು ಊರೂರು ತಿರುಗುವ ವ್ಯಾಪಾರಿಗಳ ಹತ್ತಿರ ಸಿಕ್ಕುವಂಥದು. ಅಪ್ಪನ ಮೊಣಕಾಲು ಎರಡು ವರ್ಷದಿಂದ ಮಡಚುತ್ತಿರಲಿಲ್ಲ. ದರೆ ಹತ್ತುವುದು ಹೇಗೆ ಎಂದು ಅವಳು ಕೇಳಿರಲಿಲ್ಲ, ಕಲ್ಲು ಬರುತ್ತಿತ್ತು. ಬೋಗುಣಿಯಿಂದ ತಲೆಯೆತ್ತಿದಾಗ ಅಪ್ಪ ಅವಳನ್ನೇ ನೋಡುತ್ತಿದ್ದ. ಅವಳು ನೋಡಿದ್ದನ್ನು ಅವನು ನೋಡಿದ. ಕಾಫಿಯಲ್ಲಿ ಚಮಚ ಆಡಿಸುತ್ತ ಕೇಳಿದ:

"ಕಲ್ಲು ಚೆನ್ನಾಗಿದ್ಯಾ ಮಗಳೇ?"

"ಚೆನ್ನಾಗಿದೆ ಅಪ್ಪಾ."

ಅಷ್ಟೇ. ಅವನು ಹೋದಮೇಲೆ ಕೆಲಸದ ಕೋಣೆಯಿಂದ ಚಾಕು ತಂದು ಆ ಹಸಿರನ್ನೆಲ್ಲ ಕೆರೆದು ತೆಗೆದಳು. ಸಿಪ್ಪೆ ಗಟ್ಟಿಯಾಗಿತ್ತು, ಚಾಕು ಮೊಂಡಾಯಿತು. ಹಾಗೇ ಇಟ್ಟುಬಂದಳು. ಮರುದಿನ ನೋಡಿದರೆ ಚಾಕುವಿಗೆ ಸಾಣೆ ಹಿಡಿದಿತ್ತು. ಟ್ರೌಗೊಟ್ ಏನೂ ಕೇಳಲಿಲ್ಲ. ಅವನು ತನ್ನ ಸಾಮಾನುಗಳ ವಿಷಯದಲ್ಲಿ ಹಾಗೆಯೇ. ಅದೇ ವಾರ ಇಪ್ಪತ್ತಮೂರನೆಯ ಜಾಗಕ್ಕಿಟ್ಟಿದ್ದ ಕಲ್ಲು ಸಾಣೆಯಲ್ಲಿ ಸೀಳಿಹೋಯಿತು. ಬೇರೆ ಹುಡುಕುತ್ತ ಕೂತ ಗಂಡನ ಮುಂದೆ ರೊಸೀನಾ ತನ್ನ ಹೊಲಿಗೆಯ ಪೆಟ್ಟಿಗೆಯಲ್ಲಿದ್ದ ಕಲ್ಲನ್ನು ತಂದಿಟ್ಟಳು. ಒಂಬತ್ತು ವರ್ಷದವಳಿದ್ದಾಗ ಮನೆಯ ಹಿಂದಿನ ಹೊಳೆಯಲ್ಲಿ, ಮೊಣಕಾಲು ನೀರಿನಲ್ಲಿ ನಿಂತು ಎತ್ತಿಕೊಂಡದ್ದು. ಜೇನಿನ ಬಣ್ಣ, ನಡುವೆ ಬಿಳಿಯ ಒಂದು ಕಣ್ಣು. 'ಇದು ನಿನ್ನದಲ್ವಾ?' ಎಂದಿದ್ದ ಟ್ರೌಗೊಟ್. 'ಇರ್ಲಿ, ತಗೊಳ್ಳಿ' ಎಂದಿದ್ದಳು. ಒಂದು ಸುಳ್ಳನ್ನು ಒಳಗೆ ಸೇರಿಸಿದ್ದೇನೆ, ಒಂದು ನಿಜವೂ ಹೋಗಲಿ ಎಂದು ಅವಳಿಗೆ ಅನ್ನಿಸಿತ್ತು. ಅಥವಾ ಹಾಗೆ ಅನ್ನಿಸಿತ್ತೆಂದು ಈಗ ಅನ್ನಿಸುತ್ತಿದೆ. ನವೆಂಬರಿನಲ್ಲಿ ಸಂತ ಮಾರ್ಟಿನ್ನನ ಹಬ್ಬದ ಹಿಂದಿನ ದಿನ ಅಪ್ಪ ಸತ್ತ. ಹಾಸಿಗೆಯಲ್ಲೇ ಸತ್ತ, ಯಾರಿಗೂ ತೊಂದರೆ ಕೊಡದೆ.

ಸಲಹೆಗಾರರು ಹತ್ತಕ್ಕೆ ಸರಿಯಾಗಿ ಬಂದರು. ಬೂಟಿನ ಹಿಮವನ್ನು ಹೊಸ್ತಿಲ ಮೇಲೆ ಕೊಡವಿದರು. ಅವರ ಬೂಟಿಗೆ ಯಾರೂ ಕಾಗದ ಹಾಸಲಿಲ್ಲ. ಅತ್ತೆ ಎದ್ದು ನಿಂತು ಮೊಣಕಾಲು ಬಗ್ಗಿಸಿ ನಮಸ್ಕರಿಸಿದಳು, ಬಾಯಲ್ಲಿದ್ದ ಕೇಕನ್ನು ನುಂಗಲಾರದೆ ಒಂದು ಕೆನ್ನೆ ಉಬ್ಬಿತ್ತು. ಟ್ರೌಗೊಟ್ ಕಿಟಕಿಯ ಬಳಿ ಕಪ್ಪು ಮಖಮಲ್ಲಿನ ಮೇಲೆ ಡಬ್ಬಿಯನ್ನಿಟ್ಟ. ಎಲ್ಬೆ ನದಿಯ ಮೇಲೆ ಹೆಪ್ಪುಗಟ್ಟಿದ ಮಂಜಿನ ಬೆಳಕು ಕೋಣೆಯೊಳಕ್ಕೆ ಬರುತ್ತಿತ್ತು, ಬಿಳಿ ಬೆಳಕು, ಏನನ್ನೂ ಮರೆಮಾಡದ ಬೆಳಕು. ಕಲ್ಲು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ದಿನ ವರ್ಷದಲ್ಲಿ ನಾಲ್ಕು ಸಿಕ್ಕೀತು. ರೊಸೀನಾ ಪುಸ್ತಕ ಹಿಡಿದು ಗಂಡನ ಎಡಕ್ಕೆ, ಒಂದು ಹೆಜ್ಜೆ ಹಿಂದೆ ನಿಂತಳು. ಸಲಹೆಗಾರರು ಅಂಕಿ ಹೇಳಬೇಕು, ಅವಳು ಓದಬೇಕು, ಅವರು ಭೂತಗನ್ನಡಿಯಲ್ಲಿ ನೋಡಿ ತಲೆಯಾಡಿಸಬೇಕು. ಇದು ರೂಢಿ.

"ಈ ಡಬ್ಬಿ ನಮ್ಮ ಮುಖ್ಯಸ್ಥರ ಕೈಗೆ ಹೋಗೋದು, ಹೆಂಪೆಲ್ ಮೇಸ್ತ್ರಿ. ಸ್ಯಾಕ್ಸನಿಯ ನೆಲ ಅಂಗೈಯಲ್ಲಿ ಕೂತಿದೆ ಅಂತ ಕೊಡ್ತೀನಿ. ಅದರಲ್ಲೊಂದು ಹೊರಗಿನ ಕಲ್ಲು ಸಿಕ್ಕಿದ್ರೆ ನನ್ನ ಮುಖ ಹೋಗುತ್ತೆ."

"ನಮ್ಮನೆ ಬಾಗಿಲೂ ಮುಚ್ಚುತ್ತೆ ಸ್ವಾಮಿ," ಎಂದ ಟ್ರೌಗೊಟ್, ನಗುತ್ತ. "ಶ್ಲಾಟ್‌ವಿಟ್ಸ್‌ನ ಕಲ್ಲೆಲ್ಲ ನನ್ನ ಮಾವನವರು ಆರಿಸಿದ್ದು. ಮೆಲ್ಶಿಯೋರ್ ಕೊಟ್ಟ ಅಂದ್ರೆ ನಾನು ಎರಡನೇ ಸಲ ನೋಡ್ತಿರ್ಲಿಲ್ಲ."

ರೊಸೀನಾಳ ಕಿವಿ ಬಿಸಿಯಾಯಿತು. ಅಪ್ಪನನ್ನು ಅವನು 'ಮಾವನವರು' ಎಂದು ಗಿರಾಕಿಯ ಮುಂದೆ ಕರೆದದ್ದು ಇದೇ ಮೊದಲು. ಬದುಕಿದ್ದಾಗ 'ಮುದುಕ ಬಂದಿದ್ದಾನೆ, ಕಾಫಿ ಕೊಡು' ಎನ್ನುತ್ತಿದ್ದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಅದು. ಸತ್ತವರಿಗೆ ಮುಂಬಾಗಿಲು ಸುಲಭವಾಗಿ ತೆರೆಯುತ್ತದೆ.

ಒಂದು, ಎರಡು, ಮೂರು. ಅವಳು ಓದುತ್ತ ಹೋದಳು. ತನ್ನ ಸ್ವರ ಮನೆಯ ಇನ್ನಾವುದೋ ಕೋಣೆಯಿಂದ ಬಂದ ಹಾಗಿತ್ತು. ಹನ್ನೊಂದು, ಫ್ರೈಬರ್ಗ್‌ನ ಹತ್ತಿರದ ಹವಳದ ಬಣ್ಣದ ಅಗೇಟ್. 'ಆಹಾ' ಎಂದರು ಸಲಹೆಗಾರರು, ಅದು ಅವರ ಊರಿನದು. ಹದಿನೆಂಟು. ಇಪ್ಪತ್ತು. ಅವಳ ಲಕ್ಷ್ಯವೆಲ್ಲ ಮುಂದಿನ ಪುಟದಲ್ಲಿತ್ತು. ನಲವತ್ತೊಂದಕ್ಕೆ ಬಂದಾಗ ಕೆಮ್ಮಬಾರದು, ಬೇಗ ಓದಬಾರದು, ನಿಧಾನವಾಗಿಯೂ ಓದಬಾರದು. ಹಾಗಾಗಿ ಇಪ್ಪತ್ತಮೂರರಲ್ಲಿ ಅವರ ಕೈ ನಿಂತಿತೆಂದು ಅವಳಿಗೆ ಕೂಡಲೇ ತಿಳಿಯಲಿಲ್ಲ.

"ಇದು ಯಾವ ಊರಿಂದು ಅಂದ್ರಿ?"

"ಶ್ಲಾಟ್‌ವಿಟ್ಸ್, ಸ್ವಾಮಿ. ಹೊಳೆಯ ಕಲ್ಲು."

"ಉಹುಂ." ಭೂತಗನ್ನಡಿ ಒಮ್ಮೆ ಮೇಲೆ ಹೋಗಿ, ಕೆಳಗೆ ಬಂತು. "ಇದು ನಮ್ಮದಲ್ಲ. ಈ ಹಳದಿ ನಮ್ಮಲ್ಲಿಲ್ಲ. ಇದು ಗಡಿಯಾಚೆ ಬೊಹೀಮಿಯಾದ್ದು. ಯಾರೋ ನಿಮಗೆ ಟೋಪಿ ಹಾಕಿದಾರೆ ಮೇಸ್ತ್ರಿ."

ಟ್ರೌಗೊಟ್ ಅವಳ ಕಡೆ ತಿರುಗಿದ. ಆ ಕಲ್ಲು ಎಲ್ಲಿಂದ ಬಂದದ್ದೆಂದು ಅವನಿಗೆ ಗೊತ್ತು. ಅವಳು ಹೇಳಲಿ ಎಂದು ಕಾದ. ಹೇಳಬಹುದಿತ್ತು: ನಾನೇ ಎತ್ತಿಕೊಂಡದ್ದು ಸ್ವಾಮಿ, ನೀರು ಎಷ್ಟು ತಣ್ಣಗಿತ್ತೆಂದರೆ ಕಾಲ ಬೆರಳು ನೀಲಿಯಾಗಿದ್ದವು, ಅಪ್ಪ ದಂಡೆಯ ಮೇಲಿಂದ 'ನೆಕ್ಕಿ ನೋಡು, ನೆಕ್ಕಿ ನೋಡು' ಎಂದು ಕೂಗುತ್ತಿದ್ದ. ಹೊಳೆ ಗಡಿಯಾಚೆಯ ಬೆಟ್ಟದಲ್ಲೇ ಹುಟ್ಟುವುದು, ಅದು ತಂದಿದ್ದರೂ ತಂದಿರಬಹುದು, ಆದರೆ ನನಗೆ ಸಿಕ್ಕಿದ್ದು ನನ್ನ ಮನೆಯ ಹಿಂದೆ. ಬಾಯಿ ತೆರೆದಳು. ಹೇಳಿದರೆ ಅವರು ವಾದಿಸುತ್ತಾರೆ. ವಾದಕ್ಕೆ ಬಿದ್ದರೆ ಒಂದೊಂದು ಕಲ್ಲನ್ನೂ ಎರಡೆರಡು ಸಲ ನೋಡುತ್ತಾರೆ. ಹದಿನೆಂಟು ಅಂಕಿಗಳಾಚೆ ನಲವತ್ತೊಂದು ಕಾಯುತ್ತಿತ್ತು.

"ಇರಬಹುದು ಸ್ವಾಮಿ," ಎಂದಳು. "ಬುಟ್ಟಿಯಲ್ಲಿ ಬೆರೆತು ಹೋಗಿರಬಹುದು."

ಟ್ರೌಗೊಟ್ ಕಣ್ಣನ್ನು ಅವಳಿಂದ ತೆಗೆದು ಮಖಮಲ್ಲಿನ ಮೇಲಿಟ್ಟ.

"ಬುಟ್ಟಿಯಲ್ಲಿ ಬೆರೆತದ್ದನ್ನ ಹಿಡಿಯೋದಕ್ಕೇ ಅಲ್ವಾ ನನ್ನಂಥೋರು ಇರೋದು," ಎಂದು ಸಲಹೆಗಾರರು ಉತ್ಸಾಹದಿಂದ ಮುಂದುವರಿದರು. ಒಂದು ತಪ್ಪು ಸಿಕ್ಕಿದ ಮೇಲೆ ಅವರ ಮುಖ ತಿಳಿಯಾಗಿತ್ತು, ಉಳಿದದ್ದನ್ನೆಲ್ಲ ಒಪ್ಪಿಕೊಳ್ಳುವ ಔದಾರ್ಯ ಬಂದಿತ್ತು. ನಲವತ್ತೊಂದರ ಮೇಲೆ ಭೂತಗನ್ನಡಿ ಹಿಡಿದು, "ಇದು ನೋಡಿ! ಇದು ಶ್ಲಾಟ್‌ವಿಟ್ಸ್! ಎಂಥ ಪಟ್ಟೆ, ಗೆರೆ ಎಳೆದ ಹಾಗಿದೆ. ಇದರದ್ದು ಇನ್ನೊಂದು ಚೂರು ಇದೆಯಾ?"

"ಅರ್ಧ ಬಿಲ್ಲೆ ಉಳಿದಿದೆ," ಎಂದ ಟ್ರೌಗೊಟ್.

"ಹಾಗಾದ್ರೆ ಇಪ್ಪತ್ತಮೂರಕ್ಕೆ ಅದನ್ನೇ ಕೂರಿಸಿ. ಮೂರು ಗಂಟೆಗೆ ನನ್ನ ಗಾಡಿ ಫ್ರೈಬರ್ಗ್‌ಗೆ ಹೊರಡುತ್ತೆ, ಅಷ್ಟರೊಳಗೆ ಆಳನ್ನ ಕಳಿಸ್ತೀನಿ. ಪುಸ್ತಕದಲ್ಲಿ ಆ ಸಾಲು ತಿದ್ದಿ ಬರೀಬೇಕು, ಕಾಟು ಹೊಡೆದಿರಬಾರದು. ರಾತ್ರಿ ಮನೇಲಿ ಕೂತು ಓದ್ತೀನಿ. ನನಗದು ಬೈಬಲ್ ಓದಿದ ಹಾಗೆ." ಬಾಗಿಲಲ್ಲಿ ನಿಂತು ರೊಸೀನಾಳಿಗೆ ಹೇಳಿದರು: "ಬೇಜಾರು ಮಾಡ್ಕೋಬೇಡಿಯಮ್ಮ. ಕಲ್ಲಿನ ವಿಷಯ ಹೆಂಗಸರಿಗೆ ತಿಳಿಯೋದು ಕಷ್ಟ. ನಿಮ್ಮ ಅಕ್ಷರ ಮಾತ್ರ ಮುತ್ತು."

ಅವರು ಹೋದಮೇಲೆ ಅತ್ತೆ ಕೊನೆಗೂ ಕೇಕನ್ನು ನುಂಗಿದಳು. "ಬುಟ್ಟಿಯಲ್ಲಿ ಬೆರೀತಂತೆ," ಎಂದಳು. "ನಿಮ್ಮಪ್ಪನ ಬುಟ್ಟೀಲಿ ಒಂದು ಕಲ್ಲು ಬೆರೆತದ್ದನ್ನ ನಾನು ಕಂಡಿಲ್ಲ. ಪಾಚೀಲಿ ಸುತ್ತಿ ಸುತ್ತಿ ತರ್ತಿದ್ದ, ಮೊಟ್ಟೆ ತಂದ ಹಾಗೆ. ನಮ್ಮ ನೆಲದ ಮೇಲೆ ಒಂದು ಎಸಳು ಪಾಚಿ ಬಿದ್ರೆ ಆರಿಸಿ ಜೇಬಿಗೆ ಹಾಕ್ಕೊಳ್ತಿದ್ದ." ತನ್ನ ಬಟ್ಟಲನ್ನು ತೊಳೆಯಲು ಎದ್ದುಹೋದಳು. ಇದು ಬೈಗುಳವೋ ಹೊಗಳಿಕೆಯೋ ಅವಳಿಗೇ ಗೊತ್ತಿದ್ದಂತೆ ಕಾಣಲಿಲ್ಲ. ರೊಸೀನಾಳಿಗೆ ಮಾತ್ರ ಎದೆಯ ಮೇಲೆ ಯಾರೋ ಬೂಟಿನ ಕಾಲನ್ನು ಜೋಪಾನವಾಗಿ ಇಟ್ಟ ಹಾಗಾಯಿತು. ಏನೂ ಕೇಳದೆ ಎರಡು ವರ್ಷದಿಂದ ಅಪ್ಪನನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದಳು. ಇವತ್ತು ಒಂದೇ ಮಾತಿಗೆ, ಯಾರೂ ಒತ್ತಾಯಿಸದೆ, ಅವನು ಮಾಡದ ತಪ್ಪನ್ನು ಅವನ ಬುಟ್ಟಿಗೆ ಹಾಕಿದ್ದಳು. ಅವನು ಮಾಡಿದ ತಪ್ಪಿಗೆ ಹೊಗಳಿಕೆ ಸಿಕ್ಕಿತ್ತು.

ಟ್ರೌಗೊಟ್ ದೀಪದ ಮೇಲೆ ಡಬ್ಬಿಯ ಆ ಭಾಗವನ್ನು ಮೆಲ್ಲಗೆ ಕಾಯಿಸಿ, ಅರಗು ಸಡಿಲವಾದಮೇಲೆ ಚಿನ್ನದ ಅಂಚನ್ನು ಕೂದಲೆಳೆಯಷ್ಟು ಹಿಂದಕ್ಕೆ ಬಾಗಿಸಿದ. ಚಿಮಟದ ತುದಿಯಲ್ಲಿ ಇಪ್ಪತ್ತಮೂರು ಈಚೆ ಬಂತು. ಅವಳ ಅಂಗೈ ಮೇಲಿಟ್ಟ. ಇನ್ನೂ ಬೆಚ್ಚಗಿತ್ತು. ಜಾಗಕ್ಕೆ ಸರಿಯಾಗಿ ಕತ್ತರಿಸಿದ್ದರಿಂದ ಈಗ ಅದಕ್ಕೆ ಹೊಳೆಯ ಕಲ್ಲಿನ ಆಕಾರವಿರಲಿಲ್ಲ, ತೆಳ್ಳಗೆ ಸೀಳಿದ ಸಿಪ್ಪೆಯ ಹಾಗಿತ್ತು. ಇನ್ನೆಲ್ಲಿಯೂ ಕೂರದ ಆಕಾರ. ಮೇಲ್ಮೈ ಹೊಳೆಯುತ್ತಿತ್ತು, ಬೆನ್ನು ಮಾತ್ರ ಒರಟು, ಬೂದಿಯ ಬಣ್ಣ. ಅವಳಿಗೆ ಗೊತ್ತಾಗುವ ಮೊದಲೇ ನಾಲಿಗೆ ಆ ಬೆನ್ನನ್ನು ನೆಕ್ಕಿತ್ತು. ಅರಗಿನ ಕಹಿ, ಆಮೇಲೆ ಕಲ್ಲಿನ ರುಚಿ, ರುಚಿಯಿಲ್ಲದ ರುಚಿ. ಬೂದಿಯೊಳಗಿಂದ ಜೇನಿನ ಬಣ್ಣ ಎದ್ದುಬಂತು.

"ಇಪ್ಪತ್ತು ವರ್ಷ ಆದ್ರೂ ಆ ಚಾಳಿ ಬಿಡ್ಲಿಲ್ವೇನೇ ನೀನು," ಎಂದಳು ಅತ್ತೆ ಬಾಗಿಲಿಂದ.

"ಇಲ್ಲ ಅತ್ತೆ."

ಕೆಲಸದ ಕೋಣೆಯಲ್ಲಿ ಸಾಣೆಯ ಚಕ್ರ ತಿರುಗುವ ಸದ್ದು ಶುರುವಾಯಿತು. ಟ್ರೌಗೊಟ್ ಅರ್ಧ ಬಿಲ್ಲೆಯನ್ನು ಇಪ್ಪತ್ತಮೂರರ ಆಕಾರಕ್ಕೆ ಇಳಿಸುತ್ತಿದ್ದ. ರೊಸೀನಾ ಮೇಜಿನ ಮುಂದೆ ಕೂತು ಹೊಸ ಕಾಗದವನ್ನು ಮಡಿಸಿದಳು. ಕಾಟು ಹೊಡೆಯುವಂತಿಲ್ಲವಾದ್ದರಿಂದ ಮೊದಲಿಂದ ಬರೆಯಬೇಕು. ಚಿನ್ನಕ್ಕೆ ಕೊರೆದ ಅಂಕಿಯನ್ನು ಬದಲಿಸುವುದಕ್ಕಾಗುವುದಿಲ್ಲ, ಪುಸ್ತಕವನ್ನು ಎಷ್ಟು ಸಲ ಬೇಕಾದರೂ ಬರೆಯಬಹುದು. ಇಷ್ಟು ವರ್ಷ ಇದನ್ನು ಅವಳು ಒಂದು ಅನುಕೂಲವೆಂದೇ ತಿಳಿದಿದ್ದಳು. ಒಂದು, ಎರಡು, ಮೂರು. ಗರಿಲೇಖನಿ ತಾನಾಗಿ ಓಡಿತು. ಇಪ್ಪತ್ತೆರಡನ್ನು ಮುಗಿಸಿ ಮಸಿಕುಡಿಕೆಗೆ ಅದ್ದಿದಳು. 'ಅಗೇಟ್' ಎಂದು ಬರೆದಳು. ಅದರ ಮುಂದೆ ಶ್ಲಾಟ್‌ವಿಟ್ಸ್ ಬರಬೇಕು. ಆ ಊರಿನ ಹೆಸರನ್ನು ಅವಳು ನೂರಾರು ಸಲ ಬರೆದಿದ್ದಾಳೆ. ಆ ಹೆಸರಿನಲ್ಲಿ ಅಪ್ಪನ ಮೊಣಕಾಲಿಲ್ಲ, ಬುಟ್ಟಿಯಿಲ್ಲ, ಜೇಬಿಗೆ ಹಾಕಿಕೊಂಡ ಪಾಚಿಯಿಲ್ಲ. ಈ ಪುಸ್ತಕಗಳಲ್ಲಿ ಕಲ್ಲಿನ ಊರಿರುತ್ತದೆ, ಡಬ್ಬಿ ಮಾಡಿದವನ ಹೆಸರಿರುತ್ತದೆ, ಕಲ್ಲು ತಂದವನದು ಇರುವುದಿಲ್ಲ. ಇದುವರೆಗೆ ಅದು ಅವಳ ಕಣ್ಣಿಗೂ ಬಿದ್ದಿರಲಿಲ್ಲ.

ಬರೆದಳು: 'ಅಗೇಟ್. ತಂದವನು ಮೆಲ್ಶಿಯೋರ್ ಬಾರ್ತ್, ಕಲ್ಲು ಆಯುವವನು. ಊರು ತಿಳಿಯದು.'

ಸಲಹೆಗಾರರು ಇವತ್ತೇ ರಾತ್ರಿ ಓದುತ್ತಾರೆ, ಮೊಟ್ಟಮೊದಲು ಈ ಸಾಲನ್ನೇ ನೋಡುತ್ತಾರೆ. ಆಮೇಲೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಾಗಿಲು ಮುಚ್ಚುತ್ತದೆ ಎಂದು ಟ್ರೌಗೊಟ್ ನಗುತ್ತ ಹೇಳಿದ್ದು ನಗುವ ಮಾತಲ್ಲ. ಈ ಬೀದಿಯಲ್ಲಿ ಅಂಥ ಒಂದು ಬಾಗಿಲನ್ನು ಅವಳು ನೋಡಿದ್ದಾಳೆ. ಮುಂದೆ ಬರೆದಳು. ಇಪ್ಪತ್ತನಾಲ್ಕು. ಮೂವತ್ತು. ನಲವತ್ತು, ತ್ಸೋಬ್ಲಿಟ್ಸ್‌ನ ಹಸಿರು ಕಲ್ಲು. ನಲವತ್ತೊಂದಕ್ಕೆ ಬಂದಾಗ ಅದೇ ಮಾತುಗಳನ್ನು ಮತ್ತೆ ಬರೆದಳು, ತಂದವನು ಮೆಲ್ಶಿಯೋರ್ ಬಾರ್ತ್, ಊರು ತಿಳಿಯದು. ಆ ಸಾಲು ಉಳಿದವಕ್ಕಿಂತ ಉದ್ದವಾಗಿ ಅಂಚಿನವರೆಗೆ ಹೋಯಿತು, ಕೊನೆಯ ಅಕ್ಷರಗಳನ್ನು ಒತ್ತೊತ್ತಾಗಿ ಬರೆಯಬೇಕಾಯಿತು. ಅಪ್ಪನನ್ನು ಎತ್ತಿ ಹಿಡಿದೆನೋ ಹಿಡಿದುಕೊಟ್ಟೆನೋ ಎಂದು ಒಂದು ಕ್ಷಣ ಗರಿ ನಿಲ್ಲಿಸಿ ಯೋಚಿಸಿದಳು. ಎರಡೂ ಇರಬಹುದು. ಅವನಿದ್ದಿದ್ದರೆ ಟೋಪಿ ತಿರುಗಿಸುತ್ತ ಕೂತಿರುತ್ತಿದ್ದ.

ಎರಡೂವರೆಗೆ ಟ್ರೌಗೊಟ್ ಡಬ್ಬಿ ಹಿಡಿದು ಬಂದ. ಇಪ್ಪತ್ತಮೂರರಲ್ಲಿ ಈಗ ಕೆಂಪು ಬೂದು ಪಟ್ಟೆ, ಗೆರೆ ಎಳೆದ ಹಾಗೆ. ಸಲಹೆಗಾರರ ಆಳು ಆಗಲೇ ಬಂದು ಅಡುಗೆಮನೆಯ ಬೆಂಚಿನ ಮೇಲೆ ಕೂತಿದ್ದ. "ಕಾಲು ಕಾಗದದ ಮೇಲಿಡಪ್ಪ, ಕಾಗದದ ಮೇಲೆ," ಎನ್ನುತ್ತಿದ್ದಳು ಅತ್ತೆ.

"ಬರೆದಾಯ್ತಾ?"

"ಆಯ್ತು."

ಪುಸ್ತಕ ಕೊಟ್ಟಳು. ಅವನು ಯಾವತ್ತೂ ಓದುವವನಲ್ಲ, ಖಾನೆಯೊಳಗೆ ತಳ್ಳಿ ಮುಚ್ಚುವವನು. ಇವತ್ತು ಕಿಟಕಿಯ ಬಳಿ ಹೋಗಿ ಬೆಳಕಿಗೆ ಹಿಡಿದು ಓದತೊಡಗಿದ. ಓದುವಾಗ ತುಟಿ ಅಲ್ಲಾಡುತ್ತಿತ್ತು. ಮೊದಲ ಪುಟದ ಕೊನೆಯ ಹತ್ತಿರ ತುಟಿ ನಿಂತಿತು. ರೊಸೀನಾ ಅವನ ಕೈಗಳನ್ನು ನೋಡಿದಳು. ಉಗುರಿನ ಸಂದಿನಲ್ಲಿ ಸಾಣೆಯ ಕೆಸರು ಇನ್ನೂ ಒಣಗಿರಲಿಲ್ಲ, ಬೂದು ಬಣ್ಣದ ಆ ಕೆಸರಿನಲ್ಲಿ ಎಲ್ಲೋ ಒಂದು ಕಡೆ ಹಸಿರಿನ ಒಂದು ಕಣ ಇತ್ತು. ತಾನು ಎಲ್ಲವನ್ನೂ ಕೆರೆದಿರಲಿಲ್ಲ. ಅಕ್ಟೋಬರಿನಲ್ಲಿ ಇದೇ ಕಲ್ಲನ್ನು ಸೀಳಿ ಬಿಲ್ಲೆ ಮಾಡಿದವನು ಇವನೇ. ಹಸಿರು ಹತ್ತಿದ್ದ ಆ ಚಾಕುವಿಗೆ ಸಾಣೆ ಹಿಡಿದಿಟ್ಟವನೂ ಇವನೇ. ಅವನು ಪುಟ ತಿರುವಿದ. ಮತ್ತೆ ತುಟಿ ಅಲ್ಲಾಡಿತು, ಮತ್ತೆ ಒಂದು ಕಡೆ ನಿಂತಿತು. ಅಡುಗೆಮನೆಯಿಂದ ಆಳು ಕೆಮ್ಮಿದ.

"ಈ ಸಾಲಿನ ಮಸಿ ಇನ್ನೂ ಹಸಿ ಇದೆ," ಎಂದ ಟ್ರೌಗೊಟ್.

ಮೇಜಿನ ಬಳಿ ಬಂದು ಮಸಿ ಒಣಗಿಸುವ ಮರಳಿನ ಡಬ್ಬಿ ತೆಗೆದುಕೊಂಡು ಸಾಲಿನುದ್ದಕ್ಕೂ ಉದುರಿಸಿದ. ಸ್ವಲ್ಪ ಹೊತ್ತು ಬಿಟ್ಟು ಕಾಗದವನ್ನು ವಾಲಿಸಿ ಮರಳನ್ನು ಮತ್ತೆ ಡಬ್ಬಿಗೇ ಜಾರಿಸಿದ, ಉಳಿದದ್ದನ್ನು ಊದಿದ. ಮೂರು ಮಡಿಕೆ ಮಾಡಿ, ಖಾನೆಯೊಳಗಿಟ್ಟು, ಹೆಬ್ಬೆರಳಿನಿಂದ ಒತ್ತಿ ಮುಚ್ಚಿ, ಆಳನ್ನು ಕರೆದ.